ಸೀಸದ ಡಿಕ್ಕಿ, ಕಂಪ್ಯೂಟರ್ ಲೆಕ್ಕ: ಎರಡನ್ನೂ ಒಂದೇ ಅಳತೆಯಲ್ಲಿ ಹೋಲಿಸುವುದು ಹೇಗೆ

ಅಪ್ಪ ಪ್ರತಿ ವರ್ಷ ರೋಬಸ್ಟಾ ಚೆರ್ರಿ ಮಾರುವ ಮೊದಲು ಮನೆಯಲ್ಲೇ ಒಮ್ಮೆ ಓ.ಟಿ. ನೋಡುತ್ತಾರೆ. ಒಣಗಿದ ಚೆರ್ರಿ ಒಂದಿಷ್ಟು ತೂಗಿಟ್ಟು, ಸಿಪ್ಪೆ ಬಿಡಿಸಿ, ಬೀಜ ತೂಗಿ, 50 ಕೆ.ಜಿ. ಮೂಟೆಗೆ ಎಷ್ಟು ಕೆ.ಜಿ. ಬೀಜ ಬರುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಒಂದು ವರ್ಷ ಮನೆಯಲ್ಲಿ 28 ಬಂತು. ಮೂಡಿಗೆರೆಯಲ್ಲಿ ವ್ಯಾಪಾರಿಯ ಹತ್ತಿರ 26 ಬಂತು. ಅಪ್ಪನಿಗೆ ತುಂಬಾ ಬೇಸರವಾಯಿತು. ಆಮೇಲೆ ಕೂತು ಮಾತಾಡಿದಾಗ ಗೊತ್ತಾಯಿತು, ಅವರು ಕಪ್ಪು ಬೀಜ ಮತ್ತು ಒಡಕು ಆರಿಸಿ ತೆಗೆದು ತೂಗಿದ್ದರು, ತೇವಾಂಶವನ್ನೂ ಕಳೆದಿದ್ದರು. ನಾವು ಎರಡನ್ನೂ ಮಾಡಿರಲಿಲ್ಲ. ಅವರ ಹಾಗೇ ಮಾಡಿ ತೂಗಿದಾಗ ನಮ್ಮದೂ 26ರ ಹತ್ತಿರವೇ ಬಂತು.

ನಾನು ಹಾಸನದ ಒಂದು ಕಾಲೇಜಿನಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ಪಿಎಚ್.ಡಿ. ಮಾಡಿದ್ದು ಭಾರವಾದ ಅಯಾನುಗಳ, ಅಂದರೆ ಸೀಸದಂಥ ದೊಡ್ಡ ನ್ಯೂಕ್ಲಿಯಸ್‌ಗಳ, ಡಿಕ್ಕಿಯ ಮೇಲೆ. ಈ ವರ್ಷ ಅರಸೀಕೆರೆ ಕಡೆಯ ಹುಡುಗಿಯೊಬ್ಬಳು ನನ್ನ ಹತ್ತಿರ ಎಂ.ಎಸ್ಸಿ. ಪ್ರಾಜೆಕ್ಟ್ ಮಾಡುತ್ತಿದ್ದಾಳೆ. ಅಂಥ ಡಿಕ್ಕಿಯ ಕಂಪ್ಯೂಟರ್ ಮಾದರಿಯನ್ನು ಪ್ರಯೋಗದ ಅಳತೆಯ ಜೊತೆ ಹೋಲಿಸುವ ಕೆಲಸ. ಮೊದಲ ಗ್ರಾಫ್ ತಂದ ದಿನ ಅವಳ ಮುಖ ಸಪ್ಪಗಿತ್ತು. ಮಾದರಿಯ ಗೆರೆ ಪ್ರಯೋಗದ ಚುಕ್ಕೆಗಳಿಗಿಂತ ಎಲ್ಲ ಕಡೆಯೂ ಮೇಲಿತ್ತು.

"ಮೇಡಂ, ಮಾಡೆಲ್ ತಪ್ಪಾ, ನಾನು ತಪ್ಪಾ?"

"ಅದನ್ನ ಆಮೇಲೆ ನೋಡೋಣಮ್ಮ. ಅವರು ಏನನ್ನು ಎಣಿಸಿದ್ದಾರೆ, ನೀನು ಏನನ್ನು ಎಣಿಸಿದ್ದೀಯ, ಮೊದಲು ಅದನ್ನ ಹೇಳು" ಎಂದೆ. ಅಪ್ಪನ ಓ.ಟಿ. ಕಥೆಯನ್ನೂ ಹೇಳಿದೆ. ಅವಳ ಊರಲ್ಲಿ ತೆಂಗು, ರಾಗಿ. ಕಾಫಿ ಗೊತ್ತಿಲ್ಲ. ಆದರೂ ವಿಷಯ ತಕ್ಷಣ ಹಿಡಿಸಿತು.

ಆಮೇಲಿನ ಕೆಲವು ವಾರ ನಾವಿಬ್ಬರೂ ಕೂತು ಮಾಡಿದ ಕೆಲಸವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಇಂಥ ಪ್ರಾಜೆಕ್ಟ್ ಹಿಡಿದ ಬೇರೆ ಮಕ್ಕಳಿಗೂ ದಾರಿ ಸಿಗಲಿ ಅಂತ. ಕ್ವಾಂಟಮ್ ಮೆಕ್ಯಾನಿಕ್ಸ್ ಸ್ವಲ್ಪ, ಲಿನಕ್ಸ್ ಸ್ವಲ್ಪ ಗೊತ್ತಿದ್ದರೆ ಸಾಕು.

ಏನನ್ನು ಹೋಲಿಸುತ್ತಿದ್ದೇವೆ

ಜಿನೀವಾ ಹತ್ತಿರ ಕಣಗಳನ್ನು ಓಡಿಸಿ ಡಿಕ್ಕಿ ಹೊಡೆಸುವ ಎಲ್‌ಎಚ್‌ಸಿ ಯಂತ್ರದಲ್ಲಿ ವರ್ಷದ ಕೆಲವು ವಾರ ಪ್ರೋಟಾನ್ ಬದಲು ಸೀಸದ ನ್ಯೂಕ್ಲಿಯಸ್‌ಗಳನ್ನು ಓಡಿಸುತ್ತಾರೆ. ಒಂದೊಂದರಲ್ಲೂ 82 ಪ್ರೋಟಾನ್, 126 ನ್ಯೂಟ್ರಾನ್, ಒಟ್ಟು 208. ಎರಡು ಎದುರುಬದುರು ಬಂದು ಹೊಡೆದಾಗ ಒಂದು ಕ್ಷಣ ಕ್ವಾರ್ಕ್ ಮತ್ತು ಗ್ಲುವಾನ್‌ಗಳ ಬಿಸಿ ದ್ರವ ಹುಟ್ಟುತ್ತದೆ. ಅದು ತಣ್ಣಗಾಗಿ ಸಾವಿರಾರು ಕಣಗಳಾಗಿ ಚೆದುರುತ್ತದೆ. ಡಿಟೆಕ್ಟರ್‌ಗೆ ಕಾಣುವುದು ಕೊನೆಗೆ ಉಳಿದ ಆ ಕಣಗಳು ಮಾತ್ರ. ಒಳಗೆ ಏನಾಯಿತು ಅಂತ ತಿಳಿಯಲು ಕಂಪ್ಯೂಟರ್ ಮಾದರಿ ಬೇಕು. ಮಾದರಿ ಸರಿಯಿದೆಯಾ ಅಂತ ತಿಳಿಯಲು ಮತ್ತೆ ಡಿಟೆಕ್ಟರ್‌ನ ಅಳತೆಯೇ ಬೇಕು.

ಮೊದಲ ಸೀಸ-ಸೀಸ ಡಿಕ್ಕಿ ನಡೆದಿದ್ದು 2010ರ ನವೆಂಬರ್‌ನಲ್ಲಿ. ಒಂದು ಜೋಡಿ ನ್ಯೂಕ್ಲಿಯಾನ್‌ಗೆ 2.76 ಟೆರಾ ಎಲೆಕ್ಟ್ರಾನ್ ವೋಲ್ಟ್ ಶಕ್ತಿ. ಅಲ್ಲಿನ ಡಿಟೆಕ್ಟರ್‌ಗಳಲ್ಲೊಂದಾದ ಆಲಿಸ್ ಪ್ರಯೋಗದವರು ಬೇಗನೆ ಒಂದು ಸಂಖ್ಯೆ ಹೊರಗಿಟ್ಟರು: ತೀರಾ ನೇರವಾದ ಡಿಕ್ಕಿಗಳಲ್ಲಿ, ಮಧ್ಯದ ಭಾಗದಲ್ಲಿ, ಒಂದು ಮಾನ ಸ್ಯೂಡೋರ‍್ಯಾಪಿಡಿಟಿಗೆ ಸುಮಾರು 1600 ವಿದ್ಯುತ್ ಕಣಗಳು, ಅಂದರೆ ವಿದ್ಯುದಾವೇಶ ಇರುವ ಕಣಗಳು (ಕಣ ಕಿರಣದ ದಿಕ್ಕಿಗೆ ಎಷ್ಟು ಕೋನದಲ್ಲಿ ಹೊರಟಿತು ಅಂತ ಹೇಳುವ ಅಳತೆಯೇ ಸ್ಯೂಡೋರ‍್ಯಾಪಿಡಿಟಿ). ಅಮೆರಿಕದ ರಿಕ್ ಯಂತ್ರದಲ್ಲಿ ಕಂಡಿದ್ದಕ್ಕಿಂತ ಇದು ಎರಡು ಪಟ್ಟಿಗೂ ಜಾಸ್ತಿ. ಅದಕ್ಕೆ ಮೊದಲು ಬೇರೆ ಬೇರೆ ಮಾದರಿಗಳು ಹೇಳಿದ್ದ ಸಂಖ್ಯೆಗಳು ಬಹಳ ಅಗಲವಾಗಿ ಹರಡಿದ್ದವು. ಒಂದೇ ಒಂದು ಅಳತೆ ಬಂದ ದಿನ ಎಷ್ಟೋ ಮಾದರಿಗಳು ಹಿಂದೆ ಬಿದ್ದವು. ನನಗೆ ಈ ಕ್ಷೇತ್ರ ಇಷ್ಟವಾಗಿದ್ದೇ ಇದಕ್ಕೆ. ಇಲ್ಲಿ ಅಳತೆಯ ಮಾತೇ ಕೊನೆಯ ಮಾತು.

ಹೊಸಬರಿಗೆ ನಾನು ಇದೇ ಅಳತೆಯಿಂದ ಶುರು ಮಾಡಿಸುತ್ತೇನೆ. ಆಲಿಸ್‌ನ ಪಟ್ಟಿಯಲ್ಲಿ ಒಂಬತ್ತು ಸಾಲುಗಳಿವೆ. ತೀರಾ ನೇರವಾದ ಮೊದಲ ಶೇ. 5ರ ಡಿಕ್ಕಿಗಳಿಗೆ 1601, ತಪ್ಪಿನ ಅಂದಾಜು 60. ಮುಂದಿನ ಶೇ. 5ಕ್ಕೆ 1294, ತಪ್ಪು 49. ಹೀಗೇ ಇಳಿಯುತ್ತಾ ಹೋಗಿ, ಶೇ. 70ರಿಂದ 80ರ ನಡುವಿನ ಅಂಚಿನ ಡಿಕ್ಕಿಗಳಿಗೆ 35, ತಪ್ಪು 2. ಇದನ್ನು ಒಂದು ಕಾಗದದ ಮೇಲೆ ಬರೆದು ಮೇಜಿನ ಎದುರು ಅಂಟಿಸಿಕೊಳ್ಳಿ. ನೀವು ಏನೇ ಮಾಡಿದರೂ ಕೊನೆಗೆ ಈ ಒಂಬತ್ತು ಸಂಖ್ಯೆಗಳ ಎದುರು ನಿಲ್ಲಬೇಕು.

ಬೇಕಾಗುವ ಸಾಮಾನು

ಜಾಸ್ತಿ ಇಲ್ಲ. ಎಲ್ಲವೂ ಉಚಿತ.

ಮಾದರಿಗೆ ಪೈಥಿಯಾ ತೆಗೆದುಕೊಳ್ಳಿ, ಡಿಕ್ಕಿಗಳನ್ನು ಕಂಪ್ಯೂಟರ್‌ನಲ್ಲಿ ನಡೆಸುವ ಪ್ರೋಗ್ರಾಂ ಅದು. ಅದರೊಳಗೇ ಅಂಗನ್‌ಟೀರ್ ಎನ್ನುವ ಭಾಗವಿದೆ. ಅದು ಪ್ರೋಟಾನ್-ಪ್ರೋಟಾನ್ ಡಿಕ್ಕಿಗಳನ್ನು ಒಂದರ ಮೇಲೊಂದು ಜೋಡಿಸಿ ಸೀಸದ ಡಿಕ್ಕಿ ಕಟ್ಟುತ್ತದೆ. ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಬಿಸಿ ದ್ರವದ ಲೆಕ್ಕವನ್ನೇ ಹಾಕುವುದಿಲ್ಲ. ಅದಕ್ಕೇ ಅದು ಕಲಿಯಲು ಒಳ್ಳೆಯದು. ದ್ರವ ಇಲ್ಲದೆ ಎಷ್ಟು ದೂರ ಹೋಗಬಹುದು, ಎಲ್ಲಿ ನಿಲ್ಲುತ್ತದೆ ಅಂತ ಕಣ್ಣಾರೆ ಕಾಣುತ್ತದೆ. ಹೈಜಿಂಗ್, ಇಪೋಸ್, ಎ.ಎಂ.ಪಿ.ಟಿ., ದ್ರವದ ಲೆಕ್ಕ ಹಾಕುವ ಜೆಟ್‌ಸ್ಕೇಪ್ ಮುಂತಾದ ಬೇರೆ ಮಾದರಿಗಳನ್ನು ಎರಡನೇ ಪ್ರಾಜೆಕ್ಟ್‌ಗೆ ಇಟ್ಟುಕೊಳ್ಳಿ.

ಪ್ರಯೋಗದ ಅಂಕಿಗಳು ಹೆಪ್‌ಡೇಟಾ ಎಂಬ ಭಂಡಾರದಲ್ಲಿ ಸಿಗುತ್ತವೆ. ಪ್ರಕಟವಾದ ಗ್ರಾಫ್‌ನಿಂದ ಚುಕ್ಕೆ ಅಳೆದು ಬರೆದುಕೊಳ್ಳಬೇಡಿ. ಅಲ್ಲಿ ಪಟ್ಟಿಯೇ ಇದೆ, ತಪ್ಪಿನ ಅಂದಾಜೂ ಬೇರೆ ಬೇರೆಯಾಗಿ ಇದೆ.

ಇವೆರಡರ ನಡುವೆ ನಿಲ್ಲುವುದು ರಿವೆಟ್. ಮಾದರಿ ಕೊಡುವ ಕಣಗಳ ಪಟ್ಟಿಯನ್ನು ಓದಿ, ಪ್ರಯೋಗದವರು ಎಣಿಸಿದ ಹಾಗೇ ಎಣಿಸಿ, ಹಿಸ್ಟೋಗ್ರಾಮ್ ಮಾಡಿ, ಪ್ರಯೋಗದ ಚುಕ್ಕೆಗಳ ಪಕ್ಕ ಇಡುವ ಸಾಫ್ಟ್‌ವೇರ್ ಇದು. ಪ್ರೋಟಾನ್ ಡಿಕ್ಕಿಗೆ ಇದನ್ನು ಬಹಳ ವರ್ಷಗಳಿಂದ ಬಳಸುತ್ತಿದ್ದಾರೆ. 2019ರಲ್ಲಿ ಬಂದ ಮೂರನೇ ಆವೃತ್ತಿಯಿಂದ ಭಾರವಾದ ಅಯಾನುಗಳಿಗೂ ಸರಿಯಾದ ಸೌಲಭ್ಯ ಬಂತು. ಒಂದೊಂದು ಪ್ರಕಟಣೆಗೂ ಅದರೊಳಗೆ ಒಂದೊಂದು ಅನಾಲಿಸಿಸ್ ಇರುತ್ತದೆ. ಪೈಥಿಯಾ ಮತ್ತು ರಿವೆಟ್ ಎರಡೂ ಸೇರಿದ ಡಾಕರ್ ಇಮೇಜ್, ಅಂದರೆ ಮೊದಲೇ ಕಟ್ಟಿಟ್ಟ ಸಾಫ್ಟ್‌ವೇರ್ ಗಂಟು, ಸಿಗುತ್ತದೆ, ಅದನ್ನೇ ಇಳಿಸಿಕೊಳ್ಳಿ. ಕೈಯಲ್ಲಿ ಒಂದೊಂದಾಗಿ ಕಟ್ಟಲು ಹೋದರೆ ಮೊದಲ ವಾರ ಪೂರ್ತಿ ಅದಕ್ಕೇ ಹೋಗುತ್ತದೆ.

ಯಾವ ಕಣ ಲೆಕ್ಕಕ್ಕೆ ಬರುತ್ತದೆ

ನನ್ನ ವಿದ್ಯಾರ್ಥಿನಿ ಸಿಕ್ಕಿಹಾಕಿಕೊಂಡಿದ್ದು ಇಲ್ಲೇ. ಅವಳು ರಿವೆಟ್ ಬಳಸದೆ ತಾನೇ ಒಂದು ಪ್ರೋಗ್ರಾಂ ಬರೆದಿದ್ದಳು. ಒಳ್ಳೆಯದೇ, ಒಮ್ಮೆ ಬರೆಯಬೇಕು. ಕೊನೆಗೆ ಉಳಿದ ಕಣಗಳಲ್ಲಿ ವಿದ್ಯುತ್ ಇರುವುದನ್ನೆಲ್ಲ ಎಣಿಸಿದ್ದಳು. ಕೇಳಲು ಸರಿಯೇ ಅನ್ನಿಸುತ್ತದೆ, ಅಲ್ವಾ? ಆದರೆ ಆಲಿಸ್‌ನವರು ಎಣಿಸಿದ್ದು ಅದನ್ನಲ್ಲ.

ಡಿಕ್ಕಿಯಲ್ಲಿ ಹುಟ್ಟಿದ ಕೆಲವು ಕಣಗಳು ಸ್ವಲ್ಪ ದೂರ ಹೋಗಿ ಒಡೆಯುತ್ತವೆ. ಕೆ-ಶಾರ್ಟ್ ಎನ್ನುವ ಕಣ ಸರಾಸರಿ 2.7 ಸೆಂ.ಮೀ. ಲೆಕ್ಕದಲ್ಲಿ, ಲ್ಯಾಂಬ್ಡಾ 7.9 ಸೆಂ.ಮೀ. ಲೆಕ್ಕದಲ್ಲಿ. ಬೆಳಕಿನ ವೇಗವನ್ನು ಅವುಗಳ ಆಯಸ್ಸಿನಿಂದ ಗುಣಿಸಿದರೆ ಬರುವ ದೂರ ಇದು. ಇವುಗಳಿಗೆ ವಿದ್ಯುತ್ ಇಲ್ಲ. ಆದರೆ ಒಡೆದಾಗ ವಿದ್ಯುತ್ ಇರುವ ಎರಡು ಮಕ್ಕಳು ಹುಟ್ಟಬಹುದು. ಕೆ-ಶಾರ್ಟ್ ಶೇ. 69ರಷ್ಟು ಸಲ ಹಾಗೆ ಒಡೆಯುತ್ತದೆ, ಲ್ಯಾಂಬ್ಡಾ ಶೇ. 64ರಷ್ಟು ಸಲ. ಆಲಿಸ್‌ನವರು ಈ ಮಕ್ಕಳನ್ನು ಲೆಕ್ಕದಿಂದ ಬಿಡುತ್ತಾರೆ. ಅವರ ನಿಯಮ ಹೀಗಿದೆ: ಆಯಸ್ಸಿನ ದೂರ 1 ಸೆಂ.ಮೀ.ಗಿಂತ ಜಾಸ್ತಿ ಇರುವ ಕಣವಾಗಿರಬೇಕು. ಅದು ನೇರವಾಗಿ ಡಿಕ್ಕಿಯಲ್ಲೇ ಹುಟ್ಟಿರಬೇಕು, ಇಲ್ಲವೇ 1 ಸೆಂ.ಮೀ.ಗಿಂತ ಕಡಿಮೆ ಆಯಸ್ಸಿನ ಕಣಗಳಿಂದ ಬಂದಿರಬೇಕು. ಅಂಥದ್ದನ್ನೇ ಅವರು ಪ್ರೈಮರಿ ಎನ್ನುವುದು.

ಇದರ ಪರಿಣಾಮ ಎಷ್ಟು? ಅವಳಿಗೆ ಬೋರ್ಡಿನ ಮೇಲೇ ಲೆಕ್ಕ ಮಾಡಿಸಿದೆ. ನೇರ ಡಿಕ್ಕಿಯಲ್ಲಿ ಒಂದು ಮಾನಕ್ಕೆ ಸುಮಾರು 110 ಕೆ-ಶಾರ್ಟ್. ಅದರ ಶೇ. 69, ಒಂದೊಂದಕ್ಕೂ ಎರಡು ಮಕ್ಕಳು, ಅಂದರೆ 150ರ ಹತ್ತಿರ. ಲ್ಯಾಂಬ್ಡಾ ಸುಮಾರು 26, ಅದರ ಪ್ರತಿಕಣವೂ ಹೆಚ್ಚುಕಡಿಮೆ ಅಷ್ಟೇ. ಅದರಿಂದ ಇನ್ನೊಂದು 65. ಒಟ್ಟು 200ರ ಮೇಲೆ. 1600ಕ್ಕೆ 200 ಅಂದರೆ ಶೇ. 10ಕ್ಕಿಂತ ಜಾಸ್ತಿ. ಅಂದಾಜಿನ ಲೆಕ್ಕ ಇದು, ಆದರೂ ಪ್ರಯೋಗದ ತಪ್ಪಿನ ಅಂದಾಜು ಶೇ. 4ಕ್ಕೂ ಕಡಿಮೆ. ಎಣಿಕೆಯ ನಿಯಮ ಒಂದನ್ನು ಬಿಟ್ಟರೆ ಸಾಕು, ಒಳ್ಳೆಯ ಮಾದರಿಯನ್ನೂ ಕೆಟ್ಟದ್ದು ಅಂತ ಬರೆದುಬಿಡುತ್ತೇವೆ. ಅಪ್ಪ ಕಪ್ಪು ಬೀಜ ಸೇರಿಸಿ ತೂಗಿದ್ದರಲ್ಲ, ಅದೇ ಇದು.

ಸರಿಪಡಿಸುವುದು ಸುಲಭ. ಪೈಥಿಯಾದಲ್ಲಿ ಆಯಸ್ಸಿನ ಮಿತಿ ಹಾಕುವ ಸೆಟ್ಟಿಂಗ್ ಇದೆ. ಅದನ್ನು ಆನ್ ಮಾಡಿ ಮಿತಿಯನ್ನು 10 ಎಂದು ಕೊಡಿ. ಅಲ್ಲಿ ಮಾನ ಮಿಲಿಮೀಟರ್, ಸೆಂಟಿಮೀಟರ್ ಅಲ್ಲ. ರಿವೆಟ್‌ನಲ್ಲಿ ಆಲಿಸ್‌ನ ಪ್ರೈಮರಿ ನಿಯಮ ಮೊದಲೇ ಬರೆದಿಟ್ಟಿದ್ದಾರೆ. ಅದು ಒಂದೊಂದು ಕಣದ ಅಪ್ಪ, ಅಜ್ಜ ಯಾರು ಅಂತ ನೋಡಿ ನಿರ್ಧರಿಸುತ್ತದೆ. ಎರಡನ್ನೂ ಬಳಸಿ.

ಇನ್ನೊಂದು ವಿಷಯ. ಈ ಅಳತೆಯನ್ನು ಆಲಿಸ್‌ನವರು ಅಡ್ಡ ಮೊಮೆಂಟಮ್ (ಕಿರಣಕ್ಕೆ ಲಂಬವಾದ ದಿಕ್ಕಿನದ್ದು) ಸೊನ್ನೆಯವರೆಗೂ ಸರಿಪಡಿಸಿ ಕೊಟ್ಟಿದ್ದಾರೆ. ಆದ್ದರಿಂದ ಮಾದರಿಯಲ್ಲಿ ಕನಿಷ್ಠ ಮೊಮೆಂಟಮ್ ಅಂತ ಯಾವ ಕಟ್ (ಮಿತಿ) ಕೂಡ ಹಾಕಬಾರದು. ಬೇರೆ ಅಳತೆಗಳಲ್ಲಿ ಕಟ್ ಇರುತ್ತದೆ, ಅಲ್ಲಿ ಹಾಕಲೇಬೇಕು. ಪ್ರಕಟಣೆಯ ಆ ಒಂದು ಸಾಲನ್ನು ಹುಡುಕಿ ಓದದೆ ಮುಂದೆ ಹೋಗಬೇಡಿ.

ಡಿಕ್ಕಿ ಎಷ್ಟು ನೇರ

ಇದು ಭಾರವಾದ ಅಯಾನುಗಳಿಗೇ ಸೇರಿದ ತೊಡಕು. ಪ್ರೋಟಾನ್ ಕೆಲಸ ಮಾಡಿ ಬಂದವರು ಇಲ್ಲಿ ಸ್ವಲ್ಪ ನಿಧಾನ ಮಾಡಬೇಕು.

ಎರಡು ನ್ಯೂಕ್ಲಿಯಸ್‌ಗಳು ಕೆಲವೊಮ್ಮೆ ನೇರ ಹೊಡೆಯುತ್ತವೆ, ಕೆಲವೊಮ್ಮೆ ಅಂಚು ಸವರಿ ಹೋಗುತ್ತವೆ. ಕೇಂದ್ರದಿಂದ ಕೇಂದ್ರಕ್ಕೆ ಎಷ್ಟು ದೂರ ಎನ್ನುವುದಕ್ಕೆ ಇಂಪ್ಯಾಕ್ಟ್ ಪ್ಯಾರಾಮೀಟರ್ ಎನ್ನುತ್ತೇವೆ. ಮಾದರಿಗೆ ಇದು ಚೆನ್ನಾಗಿ ಗೊತ್ತು, ಅದೇ ಆರಿಸಿದ್ದಲ್ವಾ. ಪ್ರಯೋಗಕ್ಕೆ ಗೊತ್ತಿಲ್ಲ. ಕೆಲವು ಫರ್ಮಿ ದೂರವನ್ನು, ಅಂದರೆ ಒಂದು ಮೀಟರ್‌ನ ಕೋಟಿ ಕೋಟಿ ಭಾಗಕ್ಕಿಂತ ಚಿಕ್ಕದನ್ನು, ಯಾರೂ ಅಳೆಯಲಾರರು. ಅವರು ಮಾಡುವುದು ಇಷ್ಟೇ: ಮುಂದೆ ಮತ್ತು ಹಿಂದೆ ಇಟ್ಟ ವಿ-ಜೀರೋ ಎನ್ನುವ ಡಿಟೆಕ್ಟರ್‌ಗಳಲ್ಲಿ ಎಷ್ಟು ಸಿಗ್ನಲ್ ಬಂತು ನೋಡುತ್ತಾರೆ. ಎಲ್ಲ ಡಿಕ್ಕಿಗಳನ್ನೂ ಆ ಸಿಗ್ನಲ್ ಪ್ರಕಾರ ದೊಡ್ಡದರಿಂದ ಚಿಕ್ಕದಕ್ಕೆ ಸಾಲಾಗಿ ನಿಲ್ಲಿಸುತ್ತಾರೆ. ಮೇಲಿನ ಶೇ. 5 ಒಂದು ಗುಂಪು, ಮುಂದಿನ ಶೇ. 5 ಇನ್ನೊಂದು. ಪರೀಕ್ಷೆಯಲ್ಲಿ ರ‍್ಯಾಂಕ್ ಕೊಟ್ಟ ಹಾಗೆ. ಇದಕ್ಕೇ ಸೆಂಟ್ರಾಲಿಟಿ ಎನ್ನುವುದು.

ಸಿಗ್ನಲ್ ಪ್ರಕಾರದ ಸಾಲು, ಇಂಪ್ಯಾಕ್ಟ್ ಪ್ಯಾರಾಮೀಟರ್ ಪ್ರಕಾರದ ಸಾಲು, ಸರಾಸರಿಯಲ್ಲಿ ಎರಡೂ ಚೆನ್ನಾಗಿ ಹೊಂದುತ್ತವೆ. ಬೇಕಾದರೆ ನೀವೇ ಲೆಕ್ಕ ಹಾಕಿ. ಈ ಶಕ್ತಿಯಲ್ಲಿ ಸೀಸ-ಸೀಸ ಡಿಕ್ಕಿಯ ಒಟ್ಟು ಅಡ್ಡ ವಿಸ್ತೀರ್ಣ (ಕ್ರಾಸ್ ಸೆಕ್ಷನ್) ಸುಮಾರು 7.7 ಬಾರ್ನ್. ಒಂದು ಬಾರ್ನ್ ಅಂದರೆ 100 ಚದರ ಫರ್ಮಿ. ಆದ್ದರಿಂದ 770 ಚದರ ಫರ್ಮಿ. ಅದರ ಶೇ. 5 ಅಂದರೆ 38.5. ಅಷ್ಟು ವಿಸ್ತೀರ್ಣದ ವೃತ್ತದ ತ್ರಿಜ್ಯ 3.5 ಫರ್ಮಿ. ಪ್ರಯೋಗದವರು ಮೊದಲ ಗುಂಪಿಗೆ ಕೊಡುವ ಮಿತಿಯೂ ಅದೇ. ನನಗೆ ಈ ಲೆಕ್ಕ ಮಾಡಿದಾಗಲೆಲ್ಲ ಖುಷಿಯಾಗುತ್ತದೆ.

ಹಾಗಾದರೆ ಮಾದರಿಯಲ್ಲಿ ಸುಮ್ನೆ 3.5 ಫರ್ಮಿಗಿಂತ ಕಡಿಮೆ ಇರುವ ಡಿಕ್ಕಿಗಳನ್ನು ಆರಿಸಿಕೊಂಡರೆ ಆಗಲ್ವಾ? ನೇರ ಡಿಕ್ಕಿಗಳಲ್ಲಿ ಹೆಚ್ಚುಕಡಿಮೆ ನಡೆಯುತ್ತದೆ. ಅಂಚಿನ ಡಿಕ್ಕಿಗಳಲ್ಲಿ ನಡೆಯುವುದಿಲ್ಲ. ಅಲ್ಲಿ ಒಂದೇ ದೂರದ ಎರಡು ಡಿಕ್ಕಿಗಳಲ್ಲಿ ಕಣಗಳ ಸಂಖ್ಯೆ ಬಹಳ ಏರುಪೇರಾಗುತ್ತದೆ. ಸಿಗ್ನಲ್ ಪ್ರಕಾರ ಆರಿಸಿದ ಗುಂಪಿಗೂ ದೂರದ ಪ್ರಕಾರ ಆರಿಸಿದ ಗುಂಪಿಗೂ ಬೇರೆ ಬೇರೆ ಸದಸ್ಯರು ಬರುತ್ತಾರೆ. ಮಾದರಿಗೆ ಗೊತ್ತು ಅನ್ನುವ ಒಂದೇ ಕಾರಣಕ್ಕೆ ಒಂದು ವಿಷಯವನ್ನು ಬಳಸಬೇಡಿ. ಪ್ರಯೋಗಕ್ಕೆ ಏನು ಕಾಣುತ್ತದೋ ಅದನ್ನೇ ಬಳಸಿ.

ರಿವೆಟ್‌ನಲ್ಲಿ ಇದನ್ನು ಎರಡು ಸುತ್ತಿನಲ್ಲಿ ಮಾಡಬೇಕು. ಮೊದಲ ಸುತ್ತಿನಲ್ಲಿ ಕ್ಯಾಲಿಬ್ರೇಷನ್ ಅನಾಲಿಸಿಸ್ ಓಡಿಸಿ. ಅದು ಮಾದರಿಯ ಎಲ್ಲ ಥರದ ಡಿಕ್ಕಿಗಳನ್ನೂ ನೋಡಿ, ವಿ-ಜೀರೋ ಇರುವ ಜಾಗದಲ್ಲಿ ಎಷ್ಟು ಕಣ ಹೋಯಿತು ಅಂತ ಒಂದು ಹಿಸ್ಟೋಗ್ರಾಮ್ ಬರೆದಿಡುತ್ತದೆ. ಯೋಡಾ ಎಂಬ ರೂಪದ ಚಿಕ್ಕ ಫೈಲ್ ಅದು. ಎರಡನೇ ಸುತ್ತಿನಲ್ಲಿ ಆ ಫೈಲನ್ನು ಮೊದಲೇ ಓದಿಸಿ, ನಿಜವಾದ ಅನಾಲಿಸಿಸ್ ಓಡಿಸಿ. ಆಗ ಪ್ರತಿ ಡಿಕ್ಕಿಯೂ ಯಾವ ಗುಂಪಿಗೆ ಸೇರುತ್ತದೆ ಅಂತ ಗೊತ್ತಾಗುತ್ತದೆ. ಸೆಂಟ್ರಾಲಿಟಿಯನ್ನು ಎಲ್ಲಿಂದ ತೆಗೆದುಕೊಳ್ಳಬೇಕು ಅಂತ ಒಂದು ಆಯ್ಕೆ ಕೊಡಬೇಕಾಗುತ್ತದೆ: ಪ್ರಯೋಗದ ಹಿಸ್ಟೋಗ್ರಾಮ್‌ನಿಂದ, ಮಾದರಿಯದೇ ಹಿಸ್ಟೋಗ್ರಾಮ್‌ನಿಂದ, ಅಥವಾ ಇಂಪ್ಯಾಕ್ಟ್ ಪ್ಯಾರಾಮೀಟರ್‌ನಿಂದ. ಮೊದಲ ಸಲ ಮಾದರಿಯದೇ ಹಿಸ್ಟೋಗ್ರಾಮ್ ಆರಿಸಿ. ಆಮೇಲೆ ಉಳಿದ ಎರಡನ್ನೂ ಓಡಿಸಿ ಮೂರು ಗೆರೆಗಳನ್ನು ಒಂದೇ ಗ್ರಾಫ್‌ನಲ್ಲಿ ಇಡಿ. ಗೆರೆಗಳ ನಡುವೆ ಎಷ್ಟು ಅಂತರ ಇದೆಯೋ ಅಷ್ಟು ನಿಮ್ಮ ಆಯ್ಕೆಯಿಂದಲೇ ಬರುವ ವ್ಯತ್ಯಾಸ. ಅದನ್ನು ವರದಿಯಲ್ಲಿ ಬರೆಯಿರಿ.

ತೂಕದ ವಿಷಯ ಮರೆಯಬೇಡಿ. ಅಂಗನ್‌ಟೀರ್ ಇಂಪ್ಯಾಕ್ಟ್ ಪ್ಯಾರಾಮೀಟರನ್ನು ಪ್ರಕೃತಿ ಆರಿಸುವ ಹಾಗೆ ಆರಿಸುವುದಿಲ್ಲ. ನೇರ ಡಿಕ್ಕಿಗಳು ಜಾಸ್ತಿ ಸಿಗಲಿ ಅಂತ ಬೇರೆ ಥರ ಆರಿಸಿ, ಪ್ರತಿ ಡಿಕ್ಕಿಗೂ, ಅಂದರೆ ಪ್ರತಿ ಇವೆಂಟ್‌ಗೂ ಒಂದು ತೂಕ ಕೊಡುತ್ತದೆ. ಆ ತೂಕದಿಂದ ಗುಣಿಸಿಯೇ ಎಣಿಸಬೇಕು. ರಿವೆಟ್ ತಾನೇ ನೋಡಿಕೊಳ್ಳುತ್ತದೆ. ಸ್ವಂತ ಪ್ರೋಗ್ರಾಂನಲ್ಲಿ ತೂಕ ಬಿಟ್ಟರೆ ನಿಮ್ಮ ಶೇ. 5ರ ಗುಂಪಿನಲ್ಲಿ ತೀರಾ ನೇರವಾದ ಡಿಕ್ಕಿಗಳೇ ತುಂಬಿಕೊಂಡು ಸಂಖ್ಯೆ ಏರುತ್ತದೆ. ಅವಳ ಮೊದಲ ಗ್ರಾಫ್ ಮೇಲೆ ಹೋಗಲು ಇದೂ ಒಂದು ಕಾರಣವಾಗಿತ್ತು.

ಮಳೆಗಾಲದ ರಾತ್ರಿ ರನ್

ಒಂದು ನೇರ ಡಿಕ್ಕಿಯಲ್ಲಿ ಎಲ್ಲ ದಿಕ್ಕೂ ಸೇರಿ ವಿದ್ಯುತ್ ಕಣಗಳೇ ಸುಮಾರು 17,000. ವಿದ್ಯುತ್ ಇಲ್ಲದವು ಬೇರೆ, ಅವುಗಳ ಅಪ್ಪ ಅಜ್ಜಂದಿರ ಪಟ್ಟಿ ಬೇರೆ. ಇಷ್ಟನ್ನೂ ಹೆಪ್‌ಎಂಸಿ ಎನ್ನುವ ಫೈಲ್ ರೂಪದಲ್ಲಿ ಡಿಸ್ಕ್‌ಗೆ ಬರೆದರೆ ಒಂದೊಂದು ಇವೆಂಟ್‌ಗೂ ಮೆಗಾಬೈಟ್‌ಗಟ್ಟಲೆ ಬೇಕು. ನಾನು ಒಂದು ಶನಿವಾರ ರಾತ್ರಿ ಮೂಡಿಗೆರೆ ಹತ್ತಿರದ ನಮ್ಮ ಮನೆಯಿಂದ ರನ್ ಹಚ್ಚಿ ಮಲಗಿದ್ದೆ. ಬೆಳಿಗ್ಗೆ ನೋಡಿದರೆ ಡಿಸ್ಕ್ ಪೂರ್ತಿ ತುಂಬಿ ಎಲ್ಲ ನಿಂತಿತ್ತು. ಕೊನೆಯ ಫೈಲ್ ಅರ್ಧಕ್ಕೆ ಮುರಿದಿತ್ತು.

ಅದಕ್ಕೆ ಪರಿಹಾರ ಇದೆ. ಲಿನಕ್ಸ್‌ನಲ್ಲಿ ಹೆಸರಿಟ್ಟ ಪೈಪ್ ಮಾಡಬಹುದು. ಪೈಥಿಯಾ ಒಂದು ಕಡೆಯಿಂದ ಬರೆಯುತ್ತದೆ, ರಿವೆಟ್ ಇನ್ನೊಂದು ಕಡೆಯಿಂದ ಓದುತ್ತದೆ, ಡಿಸ್ಕ್‌ನಲ್ಲಿ ಏನೂ ಉಳಿಯುವುದಿಲ್ಲ. ಉಳಿಯುವುದು ಚಿಕ್ಕ ಯೋಡಾ ಫೈಲ್ ಮಾತ್ರ. ಪೈಥಿಯಾದ ಒಳಗಿಂದಲೇ ರಿವೆಟ್ ಕರೆಯುವ ದಾರಿಯೂ ಇದೆ.

ಮಲೆನಾಡಿನಲ್ಲಿ ಜುಲೈ ತಿಂಗಳು ಕರೆಂಟ್ ಯಾವಾಗ ಹೋಗುತ್ತದೆ ಹೇಳಲಾಗದು. ಲೈನಿನ ಮೇಲೆ ಮರ ಬಿದ್ದರೆ ಎರಡು ದಿನ ಇರುವುದಿಲ್ಲ. ಯುಪಿಎಸ್ ಒಂದು ಗಂಟೆ ನಿಲ್ಲುತ್ತದೆ, ಅಷ್ಟೇ. ಆದ್ದರಿಂದ ಹತ್ತು ಸಾವಿರ ಇವೆಂಟ್‌ಗಳನ್ನು ಒಂದೇ ರನ್‌ನಲ್ಲಿ ಹಾಕಬೇಡಿ. ಐನೂರರ ಇಪ್ಪತ್ತು ತುಂಡು ಮಾಡಿ. ಪ್ರತಿ ತುಂಡಿಗೂ ಬೇರೆ ಬೇರೆ ರ‍್ಯಾಂಡಮ್ ಸೀಡ್ ಕೊಡಿ, ಆ ಸೀಡನ್ನು ಫೈಲ್ ಹೆಸರಿನಲ್ಲೇ ಬರೆಯಿರಿ. ಸೀಡ್ ಒಂದೇ ಆದರೆ ಅದೇ ಐನೂರು ಡಿಕ್ಕಿಗಳು ಇಪ್ಪತ್ತು ಸಲ ಬರುತ್ತವೆ. ಗ್ರಾಫ್ ನೋಡಲು ಚೆನ್ನಾಗಿರುತ್ತದೆ, ತಪ್ಪಿನ ಗೆರೆಗಳು ಚಿಕ್ಕದಾಗಿ ಕಾಣುತ್ತವೆ, ಎಲ್ಲವೂ ಸುಳ್ಳು. ಕೊನೆಗೆ ರಿವೆಟ್‌ನ ಜೋಡಿಸುವ ಆಜ್ಞೆ ಬಳಸಿ ಎಲ್ಲವನ್ನೂ ಒಂದು ಮಾಡಿ. ಒಂದೇ ಥರದ ರನ್‌ಗಳು ಅಂತ ಅದಕ್ಕೆ ಹೇಳಬೇಕು, ಇಲ್ಲದಿದ್ದರೆ ಸರಾಸರಿ ಮಾಡುವ ಬದಲು ಕೂಡಿಬಿಡುತ್ತದೆ.

ನಮ್ಮ ಪ್ರಾಜೆಕ್ಟ್‌ಗೆ ಹತ್ತು ಸಾವಿರ ಸಾಕಾಯಿತು. ತೂಕ ಬಿಟ್ಟು ಸರಳವಾಗಿ ನೋಡಿದರೆ ಮೊದಲ ಶೇ. 5ಕ್ಕೆ ಐನೂರು ಡಿಕ್ಕಿಗಳು. ಸರಾಸರಿ ಕಣಗಳ ಸಂಖ್ಯೆಗೆ ಅಷ್ಟು ಧಾರಾಳ.

ಹೊಂದಿತು ಅಂತ ಯಾವಾಗ ಹೇಳಬಹುದು

ಎಣಿಕೆ ಸರಿಪಡಿಸಿ, ತೂಕ ಹಾಕಿ, ಎರಡು ಸುತ್ತು ಓಡಿಸಿದ ಮೇಲೆ ಅವಳ ಗೆರೆ ಚುಕ್ಕೆಗಳ ಹತ್ತಿರ ಬಂತು. ಕಣ್ಣಲ್ಲಿ ನೀರು ಬರುವಷ್ಟು ಸಂತೋಷ ಅವಳಿಗೆ. "ಕೈ-ಸ್ಕ್ವೇರ್ ಹಾಕ್ತೀನಿ ಮೇಡಂ" ಎಂದಳು. ಗೆರೆ ಚುಕ್ಕೆಗಳಿಗೆ ಎಷ್ಟು ಹೊಂದುತ್ತದೆ ಅಂತ ಅಳೆಯುವ ಸಂಖ್ಯೆ ಅದು. ಹಾಕಬೇಕು. ಆದರೆ ಹೇಗೆ ಹಾಕುತ್ತೇವೆ ಎನ್ನುವುದರಲ್ಲಿ ಎಲ್ಲ ಇದೆ.

ನಮ್ಮ ತೋಟದಲ್ಲಿ ಅಜ್ಜನ ಕಾಲದಿಂದ ಮಳೆ ಪುಸ್ತಕ ಬರೆಯುತ್ತಾರೆ. ಇಂಚು, ಸೆಂಟ್ ಲೆಕ್ಕ. ಬೆಳಿಗ್ಗೆ ಎದ್ದು ಮಾಪಕ ನೋಡಿ ಬರೆಯುವುದು. ಕೆಲವು ವರ್ಷ ನಮ್ಮ ಮಳೆ ಪಕ್ಕದ ತೋಟದ ಮಳೆಗಿಂತ ಪ್ರತಿ ದಿನವೂ ಸ್ವಲ್ಪ ಕಡಿಮೆಯೇ ಇರುತ್ತಿತ್ತು. ಮಾಪಕದ ಪಕ್ಕದ ಸಿಲ್ವರ್ ಮರ ಬೆಳೆದು ಕೊಂಬೆ ಚಾಚಿತ್ತು. ಮಾಪಕವನ್ನು ಬಯಲಿಗೆ ಸರಿಸಿದ ಮೇಲೆ ಸರಿಹೋಯಿತು. ಅಲ್ಲಿ ಮೂವತ್ತು ದಿನ ಮೂವತ್ತು ತಪ್ಪು ಆಗಿರಲಿಲ್ಲ. ಒಂದೇ ತಪ್ಪು ಮೂವತ್ತು ದಿನ ಕಾಣಿಸಿಕೊಂಡಿತ್ತು.

ಆಲಿಸ್‌ನ ಒಂಬತ್ತು ಸಂಖ್ಯೆಗಳ ತಪ್ಪಿನ ಅಂದಾಜಿನಲ್ಲೂ ದೊಡ್ಡ ಪಾಲು ಇಂಥದ್ದೇ. ಕಣ ಪತ್ತೆ ಮಾಡುವ ಸಾಮರ್ಥ್ಯವನ್ನು ಶೇ. 3ರಷ್ಟು ತಪ್ಪಾಗಿ ಅಂದಾಜು ಮಾಡಿದ್ದರೆ ಒಂಬತ್ತೂ ಚುಕ್ಕೆಗಳು ಒಟ್ಟಿಗೆ ಮೇಲೆ ಅಥವಾ ಒಟ್ಟಿಗೆ ಕೆಳಗೆ ಸರಿಯುತ್ತವೆ. ಒಂದೊಂದು ಒಂದೊಂದು ಕಡೆ ಹೋಗುವುದಿಲ್ಲ.

ಈಗ ಎರಡು ಮಾದರಿ ಊಹಿಸಿಕೊಳ್ಳಿ. ಮೊದಲನೆಯದರ ಒಂಬತ್ತು ಬಿಂದುಗಳೂ ಪ್ರಯೋಗಕ್ಕಿಂತ ಸರಿಯಾಗಿ ಒಂದು ತಪ್ಪಿನ ಅಂದಾಜಿನಷ್ಟು ಮೇಲಿವೆ. ಎರಡನೆಯದರಲ್ಲಿ ಒಂದು ಮೇಲೆ, ಒಂದು ಕೆಳಗೆ, ಹಾಗೇ ಹಾವಿನಂತೆ ಹೋಗುತ್ತದೆ, ಪ್ರತಿಯೊಂದೂ ಅಷ್ಟೇ ದೂರ. ಸಾಮಾನ್ಯ ಕೈ-ಸ್ಕ್ವೇರ್ ಹಾಕಿದರೆ ಎರಡಕ್ಕೂ 9 ಬರುತ್ತದೆ. ಒಂಬತ್ತು ಬಿಂದುಗಳಿಗೆ 9, ಎರಡೂ ಚೆನ್ನಾಗಿವೆ ಅನ್ನಿಸುತ್ತದೆ. ಆದರೆ ತಪ್ಪು ಪೂರ್ತಿ ಒಟ್ಟಿಗೆ ಸರಿಯುವ ಥರದ್ದಾಗಿದ್ದರೆ ಮೊದಲ ಮಾದರಿಯ ಕೈ-ಸ್ಕ್ವೇರ್ ಬರೀ 1. ಒಂದೇ ಸಲ ಎಲ್ಲವನ್ನೂ ಒಟ್ಟಿಗೆ ಸರಿಸಿದರೆ ಎಲ್ಲವೂ ಕೂಡಿಕೊಳ್ಳುತ್ತದೆ. ಎರಡನೆಯದನ್ನು ಹಾಗೆ ಎಷ್ಟು ಸರಿಸಿದರೂ ಉಳಿಸಲಾಗದು. ಅದು ಡಿಕ್ಕಿ ನೇರದಿಂದ ಅಂಚಿಗೆ ಹೋಗುವಾಗ ಕಣಗಳು ಹೇಗೆ ಕಡಿಮೆಯಾಗುತ್ತವೆ ಎನ್ನುವುದನ್ನೇ ತಪ್ಪಾಗಿ ಹೇಳುತ್ತಿದೆ.

ಆದ್ದರಿಂದ ತಪ್ಪುಗಳನ್ನು ಮೂರು ಭಾಗ ಮಾಡಿ ಬರೆದುಕೊಳ್ಳಿ: ಎಣಿಕೆಯಿಂದ ಬರುವುದು, ಬಿಂದುವಿನಿಂದ ಬಿಂದುವಿಗೆ ಬೇರೆಯಾಗುವುದು, ಎಲ್ಲವನ್ನೂ ಒಟ್ಟಿಗೆ ಸರಿಸುವುದು. ಪ್ರಕಟಣೆಯಲ್ಲಿ ಕೊನೆಯ ಎರಡನ್ನು ಬೇರೆ ಮಾಡಿ ಕೊಡದೇ ಇದ್ದರೆ, ಪೂರ್ತಿ ಬೇರೆ ಎಂದುಕೊಂಡು ಒಮ್ಮೆ, ಪೂರ್ತಿ ಒಟ್ಟಿಗೆ ಎಂದುಕೊಂಡು ಒಮ್ಮೆ, ಎರಡೂ ಲೆಕ್ಕ ಕೊಡಿ. ಗ್ರಾಫ್‌ನ ಕೆಳಗೆ ಮಾದರಿಯನ್ನು ಪ್ರಯೋಗದಿಂದ ಭಾಗಿಸಿದ ಪಟ್ಟಿಯನ್ನೂ ಇಡಿ. 1601ರಿಂದ 35ರವರೆಗೆ ಇಳಿಯುವ ಗೆರೆಯಲ್ಲಿ ಶೇ. 8ರ ವ್ಯತ್ಯಾಸ ಕಣ್ಣಿಗೆ ಕಾಣುವುದೇ ಇಲ್ಲ. ಭಾಗಿಸಿದಾಗ ಕಾಣುತ್ತದೆ.

ಮಾದರಿಯ ಗುಂಡಿಗಳನ್ನು, ಅಂದರೆ ನಾವು ಬದಲಿಸಬಹುದಾದ ಸಂಖ್ಯೆಗಳನ್ನು, ತಿರುಗಿಸಿ ಈ ಒಂಬತ್ತು ಸಂಖ್ಯೆಗಳಿಗೇ ಹೊಂದಿಸಿ, ಆಮೇಲೆ ಇವೇ ಸಂಖ್ಯೆಗಳಿಗೆ ಹೊಂದಿತು ಅಂತ ಬರೆಯುವುದು ಪರೀಕ್ಷೆಯಲ್ಲ. ಅಂಗನ್‌ಟೀರ್‌ನ ಗುಂಡಿಗಳನ್ನು ಪ್ರೋಟಾನ್ ಡಿಕ್ಕಿಗಳಲ್ಲಿ ಹೊಂದಿಸಿದ್ದಾರೆ. ಸೀಸಕ್ಕೆ ಮುಟ್ಟದೆ ಬಿಟ್ಟರೂ ಕಣಗಳ ಸಂಖ್ಯೆ ಸಾಕಷ್ಟು ಹತ್ತಿರ ಬರುತ್ತದೆ. ಅದಕ್ಕೇ ಆ ಹೊಂದಾಣಿಕೆಗೆ ಬೆಲೆ.

ಮುಂದಿನ ಅಳತೆ: ಹರಿವು

ಕಣಗಳ ಸಂಖ್ಯೆ ಹೊಂದಿದ ತಕ್ಷಣ ಮಾದರಿ ಗೆದ್ದಿತು ಅಂದುಕೊಳ್ಳಬಾರದು. ಇನ್ನೊಂದು ಅಳತೆ ಹಾಕಿ ನೋಡಲೇಬೇಕು. ನಾನು ಹೇಳುವುದು ಎಲಿಪ್ಟಿಕ್ ಫ್ಲೋ, ವಿ2.

ಅಂಚಿನ ಡಿಕ್ಕಿಯಲ್ಲಿ ಎರಡು ನ್ಯೂಕ್ಲಿಯಸ್ ಒಂದರ ಮೇಲೊಂದು ಬೀಳುವ ಜಾಗ ಬಾದಾಮಿಯ ಆಕಾರದಲ್ಲಿರುತ್ತದೆ. ದ್ರವವಾಗಿದ್ದರೆ ಬಾದಾಮಿಯ ಚಪ್ಪಟೆ ಬದಿಯ ಕಡೆಗೆ ಜಾಸ್ತಿ ಒತ್ತಡದಿಂದ ಹರಿಯುತ್ತದೆ. ಹೊರಗೆ ಬರುವ ಕಣಗಳೂ ಆ ದಿಕ್ಕಿನಲ್ಲಿ ಜಾಸ್ತಿ. ಎಷ್ಟು ಜಾಸ್ತಿ ಎನ್ನುವುದೇ ವಿ2. ಆಲಿಸ್‌ನವರ ಮೊದಲ ಅಳತೆಯಲ್ಲಿ ಇದು ರಿಕ್‌ನಲ್ಲಿ ಕಂಡಿದ್ದಕ್ಕಿಂತ ಸುಮಾರು ಶೇ. 30 ಜಾಸ್ತಿ ಇತ್ತು.

ಇಲ್ಲೂ ಅದೇ ಆಸೆ ಕಾಡುತ್ತದೆ. ಬಾದಾಮಿ ಯಾವ ಕಡೆ ತಿರುಗಿದೆ ಅಂತ ಮಾದರಿಗೆ ಗೊತ್ತು. ಆ ದಿಕ್ಕಿಗೆ ಹೋಲಿಸಿ ವಿ2 ತೆಗೆದರೆ ಎರಡು ಸಾಲಿನ ಪ್ರೋಗ್ರಾಂ ಸಾಕು. ಪ್ರಯೋಗಕ್ಕೆ ಆ ದಿಕ್ಕು ಗೊತ್ತಿಲ್ಲ. ಅವರು ಕಣಗಳ ಜೋಡಿಗಳನ್ನು, ನಾಲ್ಕು ನಾಲ್ಕು ಕಣಗಳ ಗುಂಪುಗಳನ್ನು ತೆಗೆದುಕೊಂಡು, ಅವುಗಳ ಕೋನಗಳ ನಡುವಿನ ಸಂಬಂಧದಿಂದ ವಿ2 ತೆಗೆಯುತ್ತಾರೆ. ಜೋಡಿಯಿಂದ ಬಂದ ವಿ2, ನಾಲ್ಕರಿಂದ ಬಂದ ವಿ2, ನಿಜವಾದ ದಿಕ್ಕಿನಿಂದ ಬಂದ ವಿ2, ಮೂರೂ ಬೇರೆ ಬೇರೆ ಸಂಖ್ಯೆ. ಒಂದೇ ಜೆಟ್‌ನಿಂದ (ಒಂದೇ ಕಡೆಗೆ ಚಿಮ್ಮುವ ಕಣಗಳ ಗೊಂಚಲಿನಿಂದ) ಬಂದ ಎರಡು ಕಣಗಳು ಹರಿವಿಲ್ಲದೆಯೂ ಅಕ್ಕಪಕ್ಕ ಇರುತ್ತವೆ, ಅದೂ ಜೋಡಿ ಲೆಕ್ಕದಲ್ಲಿ ಸೇರುತ್ತದೆ. ಅದನ್ನು ಕಡಿಮೆ ಮಾಡಲು ಜೋಡಿಯ ಎರಡು ಕಣಗಳ ನಡುವೆ ಒಂದಿಷ್ಟು ಸ್ಯೂಡೋರ‍್ಯಾಪಿಡಿಟಿ ಅಂತರ ಇರಬೇಕು ಅಂತ ನಿಯಮ ಹಾಕುತ್ತಾರೆ. ಪ್ರಕಟಣೆಯಲ್ಲಿ ಅಂತರ ಎಷ್ಟಿದೆಯೋ ಅಷ್ಟನ್ನೇ ನೀವೂ ಹಾಕಬೇಕು. ಮೊಮೆಂಟಮ್ ಕಟ್ ಇಲ್ಲಿ ಇದೆ: ಆ ಮೊದಲ ಅಳತೆಯಲ್ಲಿ 0.2ರಿಂದ 5 ಗಿಗಾ ಎಲೆಕ್ಟ್ರಾನ್ ವೋಲ್ಟ್, ಸ್ಯೂಡೋರ‍್ಯಾಪಿಡಿಟಿ 0.8ರ ಒಳಗೆ. ರಿವೆಟ್‌ನಲ್ಲಿ ಈ ಜೋಡಿ, ನಾಲ್ಕರ ಲೆಕ್ಕಗಳಿಗೆ ಸಿದ್ಧ ಸೌಲಭ್ಯ ಇದೆ. ನಾಲ್ಕರ ಲೆಕ್ಕಕ್ಕೆ ಹತ್ತು ಸಾವಿರ ಇವೆಂಟ್ ಸಾಲುವುದಿಲ್ಲ. ಜೋಡಿಯಿಂದ ಶುರು ಮಾಡಿ.

ನಮ್ಮ ರನ್‌ನಲ್ಲಿ ನಿರೀಕ್ಷಿಸಿದ ಹಾಗೇ ಆಯಿತು. ಕಣಗಳ ಸಂಖ್ಯೆ ಹೊಂದಿದ್ದ ಅದೇ ಮಾದರಿ, ಅಂತರ ಹಾಕಿದ ವಿ2ದಲ್ಲಿ ಪ್ರಯೋಗಕ್ಕಿಂತ ತುಂಬಾ ಕೆಳಗೆ ಬಿತ್ತು. ಡಿಕ್ಕಿಗಳನ್ನು ಬರೀ ಒಂದರ ಮೇಲೊಂದು ಪೇರಿಸಿದರೆ ಅವು ಪರಸ್ಪರ ಒತ್ತುವುದಿಲ್ಲ, ಒತ್ತದೆ ಹರಿವು ಹುಟ್ಟುವುದಿಲ್ಲ. ಈಗ ಅದನ್ನು ಧೈರ್ಯವಾಗಿ ಮಾದರಿಯ ಕೊರತೆ ಅಂತ ಬರೆಯಬಹುದು. ಎಣಿಕೆ, ತೂಕ, ಗುಂಪು, ಅಂತರ, ಎಲ್ಲವೂ ಪ್ರಯೋಗದವರದ್ದೇ ಆಗಿತ್ತಲ್ಲ.

"ಹಾಗಾದ್ರೆ ಈಗ ಮಾಡೆಲ್ ತಪ್ಪು ಅಂತ ಹೇಳಬಹುದಾ ಮೇಡಂ?" ಎಂದು ಕೇಳಿದಳು.

"ಎಲ್ಲಿ ತಪ್ಪು, ಎಷ್ಟು ತಪ್ಪು ಅಂತಲೂ ಹೇಳಬಹುದು. ಬರೆ."

ಸಂಜೆ ಬಸ್ಸಿಗೆ ಅವಳನ್ನು ಹತ್ತಿಸಿ ಬಂದೆ. ಮುಂದಿನ ವಾರಕ್ಕೆ ಕೊಟ್ಟ ಕೆಲಸ ಹೀಗಿದೆ: ಪೈಥಿಯಾದಲ್ಲಿ ಹೇಡ್ರಾನ್‌ಗಳು (ಕ್ವಾರ್ಕ್‌ಗಳಿಂದಾದ ಕಣಗಳು) ಹೊರಗೆ ಬರುವಾಗ ಒಂದಕ್ಕೊಂದು ತಾಗುವುದನ್ನು ಆನ್ ಮಾಡುವ ಸೆಟ್ಟಿಂಗ್ ಇದೆ. ಅದೊಂದನ್ನು ಮಾತ್ರ ಬದಲಿಸಿ, ಉಳಿದದ್ದನ್ನೆಲ್ಲ ಹಾಗೇ ಬಿಟ್ಟು, ಮೊದಲು ಕ್ಯಾಲಿಬ್ರೇಷನ್ ಸುತ್ತನ್ನು ಹೊಸದಾಗಿ ಓಡಿಸಬೇಕು. ಮಾದರಿ ಬದಲಾದರೆ ಹಳೆಯ ಯೋಡಾ ಫೈಲ್ ಬಳಸುವ ಹಾಗಿಲ್ಲ. ಆಮೇಲೆ ಕಣಗಳ ಸಂಖ್ಯೆ ಮತ್ತು ವಿ2 ಎರಡನ್ನೂ ಮತ್ತೆ ತೆಗೆದು, ಹಳೆಯ ಗೆರೆ, ಹೊಸ ಗೆರೆ, ಚುಕ್ಕೆಗಳು ಒಂದೇ ಹಾಳೆಯಲ್ಲಿ ಇರುವ ಹಾಗೆ ತರಬೇಕು.